ನೀಲಿ ಪೆನ್ಸಿಲಿನ ಐದು

ಫೆಬ್ರವರಿ 12

ಲೋ ಪುಟ್ಟ,

ನಿನ್ನ ಆಫೀಸಿನ ಲಕೋಟೆ ಬಂತು. ಆರೋಗ್ಯ ಇಲಾಖೆ, ರೋಗಿಗಳ ತೃಪ್ತಿ ಸಮೀಕ್ಷಾ ವಿಭಾಗ. ಕೆಳಗೆ ನಿನ್ನದೇ ಸಹಿ. ಒಡಹುಟ್ಟಿದ ಅಕ್ಕನಿಗೆ ‘ಮಾನ್ಯರೇ’ ಅಂತ ಬರೆಯುವಾಗ ನಿನಗೆ ಸ್ವಲ್ಪವೂ ನಾಚಿಕೆಯಾಗಲಿಲ್ಲವೇನೋ?

ಬೇಕೆಂದೇ ಫೋನ್ ಮಾಡುತ್ತಿಲ್ಲ. ಫೋನಿನಲ್ಲಿ ಬೈದರೆ ನೀನು ಮಧ್ಯೆ ಬಾಯಿ ಹಾಕುತ್ತೀಯ. ಕಾಗದದಲ್ಲಾದರೆ ಕೊನೆಯವರೆಗೂ ಬೈಸಿಕೊಳ್ಳಲೇಬೇಕು.

ಐದಕ್ಕೆ ಒಂದು ಪಾಯಿಂಟ್ ಎರಡು! ಇಡೀ ಜಿಲ್ಲೆಯ ಕುಟುಂಬ ವೈದ್ಯರಲ್ಲಿ ಕಡೆಯ ಸ್ಥಾನ. ಈ ಪಿಂಗಾಣಿ ಕಾರ್ಖಾನೆಯ ಬೀದಿಗಳಿಗೆ ನಾನು ಡಾಕ್ಟರಾಗಿ ಬಂದಾಗ ನಿನಗಿನ್ನೂ ಮೀಸೆ ಮೂಡಿರಲಿಲ್ಲ. ಇಲ್ಲಿ ನಾನು ಹತ್ತದ ಮೆಟ್ಟಿಲಿಲ್ಲ. ಪಿಂಗಾಣಿ ಸುಡುವ ಗೂಡಿನ ಮುಂದೆ ನಿಂತು ಎದೆ ಸುಟ್ಟುಕೊಂಡವರ ಕೆಮ್ಮು ಬಾಗಿಲಾಚೆಯಿಂದ ಕೇಳಿದರೆ ಯಾರದು ಅಂತ ಹೇಳಬಲ್ಲೆ. ಈ ಜನ, ನನ್ನ ಜನ, ನಿನ್ನ ಪ್ರಶ್ನೆಪಟ್ಟಿಯಲ್ಲಿ ನನಗೆ ಒಂದು ಹಾಕಿದ್ದಾರಂತೆ. ‘ಡಾಕ್ಟರು ನಿಮ್ಮ ಮಾತನ್ನು ಗಮನವಿಟ್ಟು ಕೇಳಿದರೇ?’ ಅಂದರೆ ಒಂದು. ‘ಈ ಡಾಕ್ಟರ ಬಳಿ ಮತ್ತೆ ಹೋಗುವಿರಾ?’ ಅಂದರೆ ಒಂದು. ಸೇತುವೆ ಆಚೆಯ ಡಾಕ್ಟರಿಗೆ ನಾಲ್ಕು ಪಾಯಿಂಟ್ ಆರಂತೆ. ಕೇಳಿದ ಮಾತ್ರೆಯನ್ನು ಕೇಳಿದಷ್ಟು ಬರೆದುಕೊಡುವ ಪುಣ್ಯಾತ್ಮ ಅವನು!

ಅದೂ ಹೋಗಲಿ. ಜುಲೈ ಒಂದರಿಂದ ನನ್ನ ಕ್ಲಿನಿಕ್ಕನ್ನು ಅವನ ಆರೋಗ್ಯ ಕೇಂದ್ರಕ್ಕೆ ಸೇರಿಸುತ್ತೀರಿ. ನಾನು ಅವನ ಕೈಕೆಳಗೆ. ಅದಕ್ಕೆ ಮೊದಲು ‘ರೋಗಿಗಳೊಂದಿಗೆ ಸೌಜನ್ಯದ ಸಂವಹನ’ ಅನ್ನುವ ತರಬೇತಿಗೆ ಹೋಗಿ ಬೆಂಚಿನ ಮೇಲೆ ಕೂರಬೇಕು. ಈ ವಯಸ್ಸಿನಲ್ಲಿ ನಗುವುದು ಹೇಗೆ ಅಂತ ಕಲಿಸುತ್ತಾರೋ? ನಿಮ್ಮ ಮೇಷ್ಟ್ರನ್ನು ಒಂದು ಸೋಮವಾರ ಬೆಳಿಗ್ಗೆ ನನ್ನ ಕ್ಲಿನಿಕ್ಕಿಗೆ ಕಳಿಸು. ಮಧ್ಯಾಹ್ನದವರೆಗೆ ನಗುತ್ತಾ ಇದ್ದರೆ ನಾನೇ ಹಾರ ಹಾಕುತ್ತೇನೆ.

ಅಮ್ಮ ಚೆನ್ನಾಗಿದ್ದಾಳೆ. ವಯಸ್ಸು ಅಷ್ಟೇ. ಕೈಯಲ್ಲಿ ಹಿಡಿತವಿಲ್ಲ, ಮೊನ್ನೆ ಮೊನ್ನೆ ಮತ್ತೊಂದು ಬಟ್ಟಲು ಒಡೆದಳು. ಡಿಸೆಂಬರಿನಲ್ಲಿ ಒಂದು ದಿನ ಏನು ಮಾಡಿದಳು ಗೊತ್ತೇ? ನೇರವಾಗಿ ಕ್ಲಿನಿಕ್ಕಿಗೆ ಬಂದು, ಟೋಕನ್ ತೆಗೆದುಕೊಂಡು, ಎಲ್ಲರ ಜೊತೆ ಸಾಲಿನಲ್ಲಿ ಕೂತುಬಿಟ್ಟಿದ್ದಳು! ಅವಳ ಸರದಿ ಬಂದಾಗ ನನಗೆ ನಗು. “ಮನೇಲೇ ಡಾಕ್ಟರ್ ಇಟ್ಕೊಂಡು ಇಲ್ಲಿ ಸಾಲಲ್ಲಿ ಯಾಕಮ್ಮ? ಹೋಗು, ಮನೇಲಿ ನೋಡ್ತೀನಿ” ಅಂದೆ. ಕಾಯುತ್ತಿದ್ದವರೆಲ್ಲ ನಕ್ಕರು. ಮಗುವಿನ ಹಾಗಾಗಿದ್ದಾಳೆ.

ಉತ್ತರ ಬರೆ. ‘ಮಾನ್ಯರೇ’ ಅಂತ ಶುರು ಮಾಡಿದರೆ ಹಾಗೇ ವಾಪಸು ಕಳಿಸುತ್ತೇನೆ.

ನಿಮ್ಮ ಪಟ್ಟಿಯ ಕಡೆಯವಳು,
ಅಕ್ಕ


ಫೆಬ್ರವರಿ 21

ಅಕ್ಕನಿಗೆ,

ನೀನು ಬೈಯುತ್ತೀಯ ಅಂತ ಗೊತ್ತಿತ್ತು. ಆ ಕಾಗದಕ್ಕೆ ಬೇರೆಯವರಿಂದ ಸಹಿ ಹಾಕಿಸಿ ನಾನು ಅಡಗಿಕೊಳ್ಳಬಹುದಿತ್ತು. ಹಾಗೆ ಮಾಡಲಿಲ್ಲ. ಅಷ್ಟನ್ನಾದರೂ ಗಮನಿಸು.

ಪ್ರಶ್ನೆಪಟ್ಟಿ ನಾನೇ ಬರೆದದ್ದು, ನಿಜ. ಒಂದೊಂದು ಪ್ರಶ್ನೆಯ ಮುಂದೆ ಒಂದು ಚೌಕ. ಅದರಲ್ಲಿ ಒಂದರಿಂದ ಐದರವರೆಗೆ ಒಂದು ಅಂಕೆ ಬರೆಯಬೇಕು. ಒಂದು ಅಂದರೆ ಸ್ವಲ್ಪವೂ ತೃಪ್ತಿಯಿಲ್ಲ, ಐದು ಅಂದರೆ ಪೂರ್ಣ ತೃಪ್ತಿ. ನಿನ್ನ ಬಳಿ ಹೆಸರು ಬರೆಸಿದ ಪ್ರತಿಯೊಬ್ಬ ವಯಸ್ಕರಿಗೂ ಅಂಚೆಯಲ್ಲಿ ಹೋಗಿದೆ. ಯಾರೂ ಹೆಸರು ಬರೆಯಬೇಕಿಲ್ಲ, ಆದ್ದರಿಂದ ಯಾರಿಗೂ ಹೆದರಿಕೆಯಿಲ್ಲ. ನಿನ್ನ ಬೀದಿಗಳಿಂದ ವಾಪಸು ಬಂದಷ್ಟು ಹಾಳೆಗಳು ಜಿಲ್ಲೆಯಲ್ಲಿ ಬೇರೆಲ್ಲೂ ಬಂದಿಲ್ಲ. ಜನ ಕೂತು, ಯೋಚಿಸಿ, ಅಂಚೆಗೆ ಹಾಕಿದ್ದಾರೆ. ಅಷ್ಟು ಸಿಟ್ಟಿಲ್ಲದೆ ಯಾರು ಹಾಗೆ ಮಾಡುತ್ತಾರೆ? ನಾನು ಮಾಡಿದ್ದು ಕೂಡಿಸಿ ಭಾಗಿಸುವ ಕೆಲಸ ಮಾತ್ರ.

ನೀನು ಒಳ್ಳೆಯ ಡಾಕ್ಟರೇ. ಆದರೆ ನಿನ್ನ ಬಾಯಿ? ಒಮ್ಮೆ ನಿನ್ನ ಕ್ಲಿನಿಕ್ಕಿನಲ್ಲಿ ಕಾಯುತ್ತಿದ್ದಾಗ ನಾನೇ ಕೇಳಿಸಿಕೊಂಡಿದ್ದೇನೆ. ಸಿಗರೇಟು ಬಿಡದ ಒಬ್ಬನಿಗೆ “ನಿನ್ನನ್ನ ಸುಡೋಕೆ ಬೇರೆಯವರು ಬೇಕಾಗಿಲ್ಲ, ನೀನೇ ಒಳಗಿಂದ ಶುರು ಮಾಡ್ಕೊಂಡಿದೀಯ” ಅಂದೆ. ಹೊರಗೆ ಕೂತವರಿಗೆಲ್ಲ ಕೇಳಿಸಿತು. ನೀನು ಮರೆತಿರಬಹುದು, ಬೈಸಿಕೊಂಡವರು ಮರೆಯುವುದಿಲ್ಲ. ನಾನೂ ಮರೆತಿಲ್ಲ. ಚಿಕ್ಕಂದಿನಿಂದ ಬೈಸಿಕೊಂಡವನು ನಾನು.

ಲೆಕ್ಕ ಮುಗಿದ ಹಾಳೆಗಳನ್ನು ನಾಶ ಮಾಡುವುದು ಪದ್ಧತಿ. ನಿನ್ನವನ್ನು ಇನ್ನೂ ಮಾಡಿಲ್ಲ. ನಂಬಿಕೆಯಿಲ್ಲದಿದ್ದರೆ ಹೇಳು, ಕಳಿಸುತ್ತೇನೆ. ಕೆಲಸಕ್ಕೆ ಕುತ್ತು ಬಂದರೆ ಬರಲಿ.

ಭಾನುವಾರ ಅಮ್ಮನಿಗೆ ಫೋನ್ ಮಾಡಿದ್ದೆ. ಚೆನ್ನಾಗಿದ್ದೀನಿ ಅಂದಳು.

ಸಹಿ ಹಾಕಿದ ತಪ್ಪಿಗೆ,
ತಮ್ಮ


ಮಾರ್ಚ್ 14

ಪುಟ್ಟ,

ನಾನು ಕೇಳಿದ ಹಾಳೆಗಳ ಗಂಟು ಬಂತು. ಕ್ಲಿನಿಕ್ಕಿನ ಬಾಗಿಲು ಹಾಕಿ, ರೋಗಿಗಳನ್ನು ಮಲಗಿಸುವ ಮಂಚದ ಮೇಲೆ ಎಲ್ಲ ಹರಡಿಕೊಂಡು ಕೂತೆ. ಒಂದು, ಒಂದು, ಒಂದು. ಅಲ್ಲೊಂದು ಇಲ್ಲೊಂದು ಎರಡು. ಅದೂ ‘ಕಾಯುವ ಸಮಯ’ ಅನ್ನುವ ಪ್ರಶ್ನೆಗೆ. ಅನುಮಾನದಲ್ಲಿ ಹಾಕಿದ ಒಂದಲ್ಲ. ಕಾಗದ ತೂತಾಗುವ ಹಾಗೆ ಒತ್ತಿ ಬರೆದ ಒಂದು.

ಹೆಸರಿಲ್ಲದಿದ್ದರೇನು? ಇವರ ಅಕ್ಷರ ನನಗೆ ಗೊತ್ತಿಲ್ಲವೇ? ಎಡಗೈಯಲ್ಲಿ ಬರೆಯುವ ಗೂಡಿನ ಮೇಸ್ತ್ರಿ ಇದ್ದಾನಲ್ಲ, ಯಂತ್ರಕ್ಕೆ ಸಿಕ್ಕ ಆ ಕೈಯನ್ನು ಕತ್ತರಿಸುತ್ತೇವೆ ಅಂತ ದೊಡ್ಡಾಸ್ಪತ್ರೆಯವರು ಹೇಳಿದ್ದಾಗ ಅವರ ಜೊತೆ ಜಗಳವಾಡಿ ಉಳಿಸಿಕೊಟ್ಟವಳು ನಾನು. ಅದೇ ಕೈಯಲ್ಲಿ ನನಗೆ ಸಾಲಾಗಿ ಒಂದು ಬರೆದಿದ್ದಾನೆ! ಉಂಡ ಮನೆಯ ಜಂತೆ ಎಣಿಸುವುದು ಅಂದರೆ ಇದೇ.

ಆದರೆ ಕೇಳು. ಅಷ್ಟೂ ಹಾಳೆಗಳಲ್ಲಿ ಒಂದೇ ಒಂದು ಹಾಳೆ ಬೇರೆಯಾಗಿತ್ತು. ಮೇಲಿನಿಂದ ಕೆಳಗಿನವರೆಗೆ ಐದು. ದಪ್ಪ ನೀಲಿ ಪೆನ್ಸಿಲ್ಲಿನಲ್ಲಿ ಬರೆದ, ಚೌಕದೊಳಗೆ ಹಿಡಿಸದೆ ಆಚೆ ಈಚೆ ಉಕ್ಕಿ ಹೋದ ಐದು. ಆ ಪೆನ್ಸಿಲ್ಲು ಕಾರ್ಖಾನೆಯವರು ಹಿಂದೆ ಪಿಂಗಾಣಿಯ ಮೇಲೆ ಗುರುತು ಹಾಕಲು ಕೊಡುತ್ತಿದ್ದದ್ದು. ಈಗ ಅಲ್ಲಿ ಅಚ್ಚು ಒತ್ತುತ್ತಾರೆ. ಆ ಪೆನ್ಸಿಲ್ಲು ಇನ್ನೂ ಉಳಿದಿರುವುದು ಒಬ್ಬರ ಮೇಜಿನ ಖಾನೆಯಲ್ಲಿ ಮಾತ್ರ.

ಅಮ್ಮನದು ಕಣೋ! ಅವಳೂ ನನ್ನ ಬಳಿಯೇ ಹೆಸರು ಬರೆಸಿದವಳು, ಅವಳಿಗೂ ಒಂದು ಪ್ರಶ್ನೆಪಟ್ಟಿ ಬಂದಿದೆ. ಹೆತ್ತವರಿಗೆ ಹೆಗ್ಗಣ ಮುದ್ದು ಅಂತಾರಲ್ಲ, ಸರಿ, ನಾನು ಹೆಗ್ಗಣವೇ. ಆದರೆ ಇಡೀ ಬೀದಿ ಬೆನ್ನು ತಿರುಗಿಸಿದಾಗ ನನ್ನ ಜೊತೆ ನಿಂತವಳು ಅವಳೊಬ್ಬಳೇ. ಮನೆಗೆ ಹೋದವಳೇ ಅಡುಗೆಮನೆಯಲ್ಲಿ ಅವಳನ್ನು ಗಟ್ಟಿಯಾಗಿ ಅಪ್ಪಿಕೊಂಡೆ. ಕಡೆಯ ಸಲ ಹಾಗೆ ಅಪ್ಪಿಕೊಂಡದ್ದು ಯಾವಾಗಲೋ ನೆನಪಿಲ್ಲ. “ನೀನೊಬ್ಬಳಾದರೂ ಐದು ಕೊಟ್ಯಲ್ಲಮ್ಮ” ಅಂದೆ. ಅವಳು ನಿಂತೇ ಇದ್ದಳು. ಆಮೇಲೆ “ಟೀ ಆರ್ತಿದೆ” ಅಂದಳು. ಅವಳ ಸ್ವಭಾವ ನಿನಗೆ ಗೊತ್ತಲ್ಲ, ಹೊಗಳಿದರೆ ನಾಚಿಕೊಳ್ಳುತ್ತಾಳೆ.

ಇನ್ನು ಮಿಕ್ಕವರ ವಿಷಯ. ನಾನೂ ಬದಲಾಗಿದ್ದೇನೆ. ಸೌಜನ್ಯ ಬೇಕಲ್ಲವೇ? ಕೊಡುತ್ತೇನೆ. ಬರುತ್ತಾರೆ, ‘ನಮಸ್ಕಾರ, ಕುಳಿತುಕೊಳ್ಳಿ’ ಅನ್ನುತ್ತೇನೆ. ಹೇಳಿದ್ದನ್ನು ಬರೆದುಕೊಳ್ಳುತ್ತೇನೆ, ಮಾತ್ರೆ ಬರೆಯುತ್ತೇನೆ, ‘ಶುಭವಾಗಲಿ’ ಅನ್ನುತ್ತೇನೆ. ಯಾರನ್ನೂ ಬೈಯುವುದಿಲ್ಲ. ನಿನ್ನ ಗಂಡ ಮತ್ತೆ ಕುಡಿದನಾ, ಮಗಳು ಊಟ ಮಾಡುತ್ತಾಳಾ, ಯಾವುದನ್ನೂ ಕೇಳುವುದಿಲ್ಲ. ಮನೆಗಳಿಗೆ ಹೋಗುವುದನ್ನು ನಿಲ್ಲಿಸಿದ್ದೇನೆ. ಮಾಡಿದ್ದುಣ್ಣೋ ಮಹರಾಯ. ಒಂದು ಕೊಟ್ಟವರಿಗೆ ಒಂದರ ಡಾಕ್ಟರು ಸಾಕು.

ಒಬ್ಬಳಿಗಾದರೂ ಐದಾದ,
ಅಕ್ಕ


ಏಪ್ರಿಲ್ 3

ಅಕ್ಕ,

ಅವಸರದಲ್ಲಿ ಬರೆಯುತ್ತಿದ್ದೇನೆ. ಮೇ ಕೊನೆಯಲ್ಲಿ ಇಲಾಖೆಯಿಂದ ಒಬ್ಬ ಅಧಿಕಾರಿ ನಿನ್ನ ಕ್ಲಿನಿಕ್ಕನ್ನು ವಹಿಸಿಕೊಳ್ಳುವ ಏರ್ಪಾಡಿಗೆ ಬರುತ್ತಾರೆ. ಬೀರು, ತಕ್ಕಡಿ, ಮಂಚ ಎಲ್ಲದರ ಲೆಕ್ಕ ಮಾಡುತ್ತಾರೆ. ದಯವಿಟ್ಟು ಅವರ ಮೇಲೆ ರೇಗಬೇಡ. ಅವರು ಇನ್ನೂ ಹೊಸಬರು.

ಒಂದು ವಿಚಿತ್ರ. ನಿನ್ನ ಬೀದಿಗಳಿಂದ ನಮ್ಮ ಆಫೀಸಿಗೆ ಫೋನುಗಳು ಬರುತ್ತಿವೆ. ಎಲ್ಲರದೂ ಒಂದೇ ದೂರು. ಒಬ್ಬ ಮುದುಕರಂತೂ ಅಳುವ ದನಿಯಲ್ಲಿ “ನಮ್ಮ ಡಾಕ್ಟ್ರಮ್ಮಂಗೆ ಏನಾಗಿದೆ ಸ್ವಾಮಿ? ಬೈಯೋದೇ ಇಲ್ಲ ಈಗ” ಅಂದರು. ಬೈಯುತ್ತಾರೆ ಅಂತ ಒಂದು ಕೊಟ್ಟವರು, ಬೈಯುವುದಿಲ್ಲ ಅಂತ ಫೋನ್ ಮಾಡುತ್ತಾರೆಯೇ? ನನಗೆ ತಲೆಬುಡ ಗೊತ್ತಾಗುತ್ತಿಲ್ಲ.

ಅಮ್ಮ ಫೋನಿನಲ್ಲಿ ಏನೋ ಹೇಳಲು ಹೊರಟಳು. ಎಡಗಡೆ ಕತ್ತಲು ಅಂತಲೋ ಏನೋ. ನಾನು ಮೀಟಿಂಗಿಗೆ ಹೋಗುವ ಬಾಗಿಲಲ್ಲಿದ್ದೆ. “ಅಕ್ಕನಿಗೆ ಹೇಳಮ್ಮ, ಡಾಕ್ಟರ್ ಅವಳೇ ತಾನೇ” ಅಂದೆ. “ಹೂಂ” ಅಂತ ಇಟ್ಟಳು. ಎಡಗಡೆಯ ಕೋಣೆಯ ಬಲ್ಬು ಹೋಗಿರಬೇಕು, ಹಾಕಿಸು.

ತಲೆ ಕೆಟ್ಟಿರುವ,
ತಮ್ಮ


ಏಪ್ರಿಲ್ 19

ಎಲವೋ ಮಹಾಬುದ್ಧಿವಂತ!

ಕೂತುಕೊಂಡು ಓದು. ನಿಂತಿದ್ದರೆ ಬೀಳುತ್ತೀಯ.

ಕಾರ್ಖಾನೆಯಲ್ಲಿ ಪಿಂಗಾಣಿ ವಿಂಗಡಿಸುವ ಒಬ್ಬ ಹೆಂಗಸು ಇದ್ದಾಳೆ. ಬೀದಿಯವರೆಲ್ಲ ಗಟ್ಟಿಗಿತ್ತಿ ಅಂತಲೇ ಕರೆಯುವುದು. ನಿನ್ನೆ ರಕ್ತದೊತ್ತಡ ತೋರಿಸಲು ಬಂದಳು. ಏರಿ ಕೂತಿತ್ತು. ನಾನು ಹೊಸ ಕ್ರಮದಂತೆ ‘ನಮಸ್ಕಾರ’ ಅಂದೆ, ಮಾತ್ರೆ ಬರೆದೆ, ‘ಶುಭವಾಗಲಿ’ ಅಂದೆ. ಅವಳು ಏಳಲಿಲ್ಲ. ಕುರ್ಚಿ ಎಳೆದುಕೊಂಡು ಇನ್ನೂ ಹತ್ತಿರ ಬಂದಳು.

“ಏನ್ ಡಾಕ್ಟ್ರೇ, ಬಾಯಿಗೆ ಬೀಗ ಹಾಕ್ಕೊಂಡಿದೀರಾ? ಇಷ್ಟೊತ್ತಿಗೆ ‘ಉಪ್ಪು ತಿಂದ್ಯಾ, ಸಾಯ್ಬೇಕಂತಿದೀಯಾ’ ಅಂತ ಬೈಬೇಕಿತ್ತು ನೀವು. ಬೈಲಿಲ್ಲ ಅಂದ್ರೆ ನಂಗೆ ವಾಸಿಯಾಗದೇ ಇರೋ ಕಾಯಿಲೆ ಬಂದಿದೆ ಅಂತ ತಾನೆ? ನಿಜ ಹೇಳ್ಬಿಡಿ!”

ನನ್ನ ತಾಳ್ಮೆ ಅಲ್ಲಿಗೆ ಮುಗಿಯಿತು. ಮಾತ್ರೆ ಚೀಟಿ ಮೇಜಿಗೆ ಕುಕ್ಕಿದೆ. “ಒಂದು ಕೊಟ್ಟವರ ಬಾಯಲ್ಲಿ ಈ ಮಾತು ಬೇರೆ! ಇಡೀ ಬೀದಿ ಸೇರ್ಕೊಂಡು ನನಗೆ ಒಂದು ಕೊಟ್ರಲ್ಲ, ನಾಚಿಕೆ ಆಗಲ್ವಾ ನಿಮಗೆ?” ಅಂತ ಕೂಗಿದೆ. 

ಅವಳು ಬಾಯಿ ಬಿಟ್ಟುಕೊಂಡು ನನ್ನನ್ನೇ ನೋಡಿದಳು. “ಒಂದು ಕೊಟ್ಟಿದ್ದಕ್ಕೆ ಸಿಟ್ಟಾ? ಮತ್ತಿನ್ನೇನ್ ಕೊಡ್ಬೇಕಿತ್ತು ಡಾಕ್ಟ್ರೇ? ಒಂದಕ್ಕಿಂತ ಮೇಲೆ ಏನಿದೆ? ನಮ್ಮೆಜಮಾನ್ರು ಕಾಯಿಸ್ತಾರೆ ಅಂತ ಎರಡು ಹಾಕೋಕ್ ಹೋದ್ರು. ಕೈ ಮೇಲೆ ಒಂದು ಬಿಟ್ಟೆ! ಐದು ಕೊಡೋಕೆ ನೀವೇನು ಒಡಕು ಬಟ್ಲಾ?”

ಗೊತ್ತಾಯಿತೇನೋ? ಈಗಲಾದರೂ ಗೊತ್ತಾಯಿತೇ?

ಅವಳು ದಿನವಿಡೀ ಮಾಡುವ ಕೆಲಸವೇ ಅದು. ಗೂಡಿನಿಂದ ಬಂದ ಬಟ್ಟಲನ್ನು ಬೆಳಕಿಗೆ ಹಿಡಿಯುವುದು, ಬೆರಳಿನಿಂದ ತಟ್ಟಿ ಸದ್ದು ಕೇಳುವುದು, ನಂಬರು ಹಾಕುವುದು. ಒಂದನೇ ನಂಬರು ಹಡಗು ಹತ್ತುತ್ತದೆ. ಎರಡನೆಯದು ಪೇಟೆಗೆ. ಮೂರನೆಯದು ಕೆಲಸಗಾರರ ಮನೆಗೆ. ನಾಲ್ಕನೆಯದನ್ನು ಬದಿಗಿಟ್ಟು ಮಾರನೆಯ ದಿನ ಬೆಳಗಿನ ಬೆಳಕಿನಲ್ಲಿ ಇನ್ನೊಮ್ಮೆ ನೋಡುತ್ತಾರೆ. ಐದನೆಯದು ಒಡೆಯಲು. ಈ ಬೀದಿಯಲ್ಲಿ ಹೆಣ್ಣು ಕೊಡುವವರೂ “ಹುಡುಗ ಎಷ್ಟನೇ ನಂಬರು?” ಅಂತ ಕೇಳುತ್ತಾರೆ. ಕೈಲಾಗದವನಿಗೆ “ಐದನೇ ನಂಬರು” ಅಂತಲೇ ಬೈಗುಳ.

ಒಂದು ಅಂದರೆ ಅತೃಪ್ತಿ ಅಂತ ನೀನು ಎಲ್ಲಿ ಬರೆದಿದ್ದೆ? ಪ್ರಶ್ನೆಗಳ ಹಾಳೆಯಲ್ಲಿ ಹುಡುಕಿದೆ, ಇಲ್ಲ. ಗಟ್ಟಿಗಿತ್ತಿಯ ಮನೆಗೆ ಹೋಗಿ ಅವಳ ಲಕೋಟೆ ತೆಗೆಸಿದೆ. ಅದು ಜೊತೆಯಲ್ಲಿದ್ದ ಇನ್ನೊಂದು ಕಾಗದದಲ್ಲಿದೆ. ನಿಮ್ಮ ದೊಡ್ಡ ಸಾಹೇಬರ ಶುಭಾಶಯದ ಕೆಳಗೆ, ಇರುವೆ ಸಾಲಿನಂಥ ಅಕ್ಷರದಲ್ಲಿ! ಸಾಹೇಬರ ಶುಭಾಶಯ ಯಾರಾದರೂ ಓದುತ್ತಾರೇನೋ? ಅವಳು ಅದನ್ನು ಕಿಟಕಿಯ ಸಂದಿಗೆ ಸಿಕ್ಕಿಸಿದ್ದಳು, ಗಾಳಿ ಬರುತ್ತದೆ ಅಂತ.

ಬೇರೆ ಯಾರಾದರೂ ಈ ತಪ್ಪು ಮಾಡಿದ್ದರೆ ಬಿಡುತ್ತಿದ್ದೆ. ನೀನು! ನಮ್ಮಮ್ಮ ಯಾರೋ? ಅದೇ ಕಾರ್ಖಾನೆಯ ಅದೇ ಬೆಂಚಿನಲ್ಲಿ ಜೀವಮಾನವೆಲ್ಲ ಬಟ್ಟಲು ತಟ್ಟಿ ನಮ್ಮಿಬ್ಬರನ್ನೂ ಓದಿಸಿದವಳು. ಮೂರನೇ ನಂಬರಿನ ತಟ್ಟೆಯಲ್ಲಿ ಉಂಡು ಬೆಳೆದವನು ನೀನು. ನಿನ್ನ ಮಾರ್ಕ್ಸ್ ಕಾರ್ಡು ನೋಡಿ ಅಮ್ಮ “ನನ್ನ ಮಗ ಒಂದನೇ ನಂಬರು” ಅಂತ ನೀಲಿ ಪೆನ್ಸಿಲ್ಲಿನಲ್ಲಿ ನಿನ್ನ ಅಂಗೈ ಮೇಲೆ ಬರೆಯುತ್ತಿದ್ದದ್ದು ಮರೆತೆಯಾ? ಆಫೀಸಿನ ಕುರ್ಚಿ ಸಿಕ್ಕಿದ ತಕ್ಷಣ ಅಂಗೈಯನ್ನೂ ತೊಳೆದುಬಿಟ್ಟೆಯಾ? ನನಗೂ ಹೊಳೆಯಲಿಲ್ಲ, ಒಪ್ಪಿದೆ. ನನಗೆ ಸಿಟ್ಟಿನಲ್ಲಿ ಕಣ್ಣು ಕತ್ತಲಾಗಿತ್ತು. ನಿನಗೆ ಏನಾಗಿತ್ತು?

ಹಾಳೆಗಳ ಗಂಟನ್ನು ಇದರ ಜೊತೆಯಲ್ಲೇ ವಾಪಸು ಕಳಿಸಿದ್ದೇನೆ. ನಾಳೆಯೇ ಹೋಗಿ ಲೆಕ್ಕ ತಿರುಗಿಸು. ಒಂದನ್ನು ಐದು ಮಾಡು. ನಿನ್ನ ಅಧಿಕಾರಿ ನನ್ನ ತಕ್ಕಡಿ ಎಣಿಸಲು ಬಂದರೆ ಅದರ ಮೇಲೆ ಅವರನ್ನೇ ನಿಲ್ಲಿಸಿ ತೂಗುತ್ತೇನೆ.

ಗಟ್ಟಿಗಿತ್ತಿಗೆ ಬಾಯಿ ತುಂಬ ಬೈದು ಕಳಿಸಿದೆ. ಕಣ್ಣಲ್ಲಿ ನೀರು ತುಂಬಿಕೊಂಡು “ಈಗ ಬದುಕ್ದೆ ಬಿಡಿ” ಅಂದಳು.

ಜಿಲ್ಲೆಗೇ ಒಂದನೇ ನಂಬರು,
ನಿನ್ನ ಅಕ್ಕ


ಏಪ್ರಿಲ್ 28

ಅಕ್ಕ,

ಬೈದದ್ದೆಲ್ಲ ಸರಿ. ಒಂದಕ್ಷರವೂ ಹೆಚ್ಚಲ್ಲ. ಆ ವಿವರಣೆಯನ್ನು ಶುಭಾಶಯದ ಕೆಳಗೆ ಹಾಕಿಸಿದ್ದು ನಾನೇ. ಪ್ರಶ್ನೆಗಳು ಒಂದೇ ಹಾಳೆಯಲ್ಲಿ ಹಿಡಿಸಲಿ ಅಂತ. ಅಂಗೈಯ ವಿಷಯ ಬರೆಯಬಾರದಿತ್ತು ನೀನು. ಅದನ್ನು ಓದಿ ಆಫೀಸಿನಲ್ಲೇ ಅಂಗೈ ಬಿಡಿಸಿ ನೋಡಿಕೊಂಡೆ.

ಸಾಹೇಬರ ಮುಂದೆ ಹೋಗಿ ಹೇಳಿದೆ. ಮೊದಲು ನಕ್ಕರು, ಆಮೇಲೆ ನನ್ನ ಮೇಲೆ ಹಾರಾಡಿದರು. ಕೊನೆಗೆ ಒಪ್ಪಿದರು. ಕಾರ್ಖಾನೆಯ ಬೀದಿಗಳ ಹಾಳೆಗಳನ್ನೆಲ್ಲ ತಿರುಗಿಸಿ ಲೆಕ್ಕ ಹಾಕಬೇಕು. ಒಂದಕ್ಕೆ ಐದು, ಎರಡಕ್ಕೆ ನಾಲ್ಕು, ಐದಕ್ಕೆ ಒಂದು. ಕ್ಲಿನಿಕ್ಕು ನಿನ್ನದಾಗಿಯೇ ಉಳಿಯುತ್ತದೆ. ಅಧಿಕಾರಿ ಬರುವುದಿಲ್ಲ, ತರಬೇತಿಯೂ ಇಲ್ಲ.

ಆದರೆ ಅಕ್ಕ, ಅಮ್ಮನ ಹಾಳೆ?

ನೀನು ಅದನ್ನು ಬರೆಯಲಿಲ್ಲ. ಖುಷಿಯಲ್ಲಿ ಮರೆತೆಯೋ, ಬೇಕೆಂದೇ ಬಿಟ್ಟೆಯೋ ಗೊತ್ತಿಲ್ಲ. ಆ ಬೆಂಚಿನಲ್ಲಿ ಅಮ್ಮನಷ್ಟು ವರ್ಷ ಕೂತವರು ಇಲ್ಲ. ಅವಳ ಕೈಯಲ್ಲಿ ನೀಲಿ ಪೆನ್ಸಿಲಿನ ಐದು ಅಂದರೆ ಏನು ಅಂತ ನಾನು ನಿನಗೆ ಹೇಳಬೇಕಾಗಿಲ್ಲ.

ಒಂದು ಹಾಳೆ ಅಷ್ಟೇ. ನೀನು ಹೂಂ ಅಂದರೆ ಅದೊಂದನ್ನು ತಿರುಗಿಸದೆ ಐದಾಗಿಯೇ ಬಿಡುತ್ತೇನೆ. ಯಾರಿಗೂ ಗೊತ್ತಾಗುವುದಿಲ್ಲ. ಅಮ್ಮ ತಪ್ಪಾಗಿ ಬರೆದಿರಲೂಬಹುದು. ಕೇಳಿ ನೋಡು.

ಪುಟ್ಟ


ಮೇ 5

ಪುಟ್ಟ,

ಅಮ್ಮ ಬರೆಯೋದು. ಸಾಲು ಮೇಲೆ ಕೆಳಗೆ ಹೋಗಿದ್ರೆ ಹೊಂದಿಸ್ಕೊಂಡು ಓದು.

ನಿನ್ನ ಕಾಗದ ಹಿಡ್ಕೊಂಡು ನಿನ್ನಕ್ಕ ನನ್ನ ಮುಂದೆ ನಿಂತಳು. “ಅಮ್ಮ, ತಪ್ಪಾಗಿ ಹಾಕಿದ್ಯಾ?” ಅಂತ ಕೇಳಿದಳು. ತಪ್ಪಾಗಿ! ಲಕ್ಷಗಟ್ಟಲೆ ಬಟ್ಟಲಿಗೆ ನಂಬರು ಹಾಕಿದವಳು ನಾನು. ಮೇಲಿನವರು ಯಾರೂ ಒಂದು ದಿನ ಬಂದು ತಪ್ಪು ಅಂದಿಲ್ಲ. ಹೊಟ್ಟೇಲಿ ಹುಟ್ಟಿದ ಮಗಳು ಬಂದು ಕೇಳ್ತಾಳೆ. ನಾನು ಉತ್ತರ ಕೊಡಲಿಲ್ಲ. ಅವಳ ಹತ್ತಿರ ಮಾತಾಡೋಕೆ ಟೋಕನ್ ಬೇಕಲ್ಲ. ತಗೊಂಡರೂ ವಾಪಸು ಕಳಿಸ್ತಾಳೆ. ಅದಕ್ಕೇ ನಿನಗೆ ಬರೀತಿದೀನಿ.

ನಿನ್ನ ಪ್ರಶ್ನೆಗಳು ಚೆನ್ನಾಗಿದ್ದವು ಕಣೋ. ಒಂದೊಂದನ್ನೂ ಎರಡೆರಡು ಸಲ ಓದಿದೆ. ‘ಡಾಕ್ಟರು ನಿಮ್ಮ ಮಾತನ್ನು ಗಮನವಿಟ್ಟು ಕೇಳಿದರೇ?’ ನವೆಂಬರಲ್ಲಿ ಹೇಳಿದೆ, ಎಡಗಣ್ಣಿನ ಮೂಲೇಲಿ ಕಪ್ಪು ಪರದೆ ಇಳೀತಿದೆ, ಮಿಂಚು ಮಿಂಚಿದ ಹಾಗೆ ಆಗುತ್ತೆ ಅಂತ. “ವಯಸ್ಸಮ್ಮ, ಪೊರೆ ಬಂದಿರ್ಬೇಕು, ಆಮೇಲೆ ನೋಡೋಣ” ಅಂದಳು. ‘ಮಾತಾಡುವಾಗ ನಿಮ್ಮ ಮುಖ ನೋಡಿದರೇ?’ ಬಾಗಿಲಲ್ಲಿ ಒಂದು ಕಾಲಿಗೆ ಚಪ್ಪಲಿ ಹಾಕ್ಕೊಂಡು ಇನ್ನೊಂದನ್ನ ಹುಡುಕ್ತಿದ್ದಳು. ‘ಸಾಕಷ್ಟು ಸಮಯ ಕೊಟ್ಟರೇ?’ ಕೊಟ್ಟಳು, ಆ ಇನ್ನೊಂದು ಚಪ್ಪಲಿ ಸಿಗೋವರೆಗೆ.

ಮತ್ತೆ ಮತ್ತೆ ಹೇಳಿದೆ. ಪರದೆ ಇಳೀತಾನೇ ಇತ್ತು. ಎಡಗಡೆ ಇಟ್ಟ ಬಟ್ಟಲು ಕಾಣದೆ ಕೈ ತಗಲಿ ಬಿತ್ತು. ಕೈಯಲ್ಲಿ ಹಿಡಿತ ಇಲ್ಲ ಅಂದಳು. ಬಾಗಿಲ ಚೌಕಟ್ಟಿಗೆ ಹೊಡ್ಕೊಂಡೆ, ನೋಡ್ಕೊಂಡು ನಡೀಬಾರದಾ ಅಂದಳು. ಯೋಚನೆ ಮಾಡಿದೆ. ಇವಳು ಬೀದಿಯವರನ್ನೆಲ್ಲ ಕೂರಿಸಿ ಕೇಳ್ತಾಳಲ್ಲ, ನಾನೂ ಬೀದಿಯವಳಾಗಿಬಿಡೋಣ ಅಂತ. ಒಳ್ಳೇ ಸೀರೆ ಉಟ್ಕೊಂಡು, ಟೋಕನ್ ತಗೊಂಡು, ಸಾಲಲ್ಲಿ ಕೂತೆ. ಪಕ್ಕದವಳು “ನಿಮ್ಮ ಮಗಳು ದೇವತೆ” ಅಂದಳು. ಹೌದು ಅಂದೆ. ನನ್ನ ಸರದಿ ಬಂತು. ಎಲ್ಲರ ಮುಂದೆ ನಕ್ಕು ಮನೆಗೆ ಹೋಗು ಅಂದಳು. ಮನೇಲಿ ನೋಡ್ತೀನಿ ಅಂದಳು. ನೋಡಲಿಲ್ಲ. ಮಾರನೇ ದಿನವೂ ನೋಡಲಿಲ್ಲ.

ಊರಿಗೆ ಉಪಕಾರಿ, ಮನೆಗೆ ಮಾರಿ. ಹಿತ್ತಲ ಗಿಡ ಮದ್ದಲ್ಲ ಅಂತಾರೆ, ಸುಳ್ಳು. ಇಲ್ಲಿ ಹಿತ್ತಲ ಗಿಡಕ್ಕೆ ಹಿತ್ತಲಲ್ಲಿರೋಳು ಕಣ್ಣಿಗೆ ಬೀಳಲ್ಲ.

ಆ ಸಿಟ್ಟಲ್ಲಿರುವಾಗಲೇ ನಿನ್ನ ಹಾಳೆ ಬಂತು. ಯಾರೋ ಒಬ್ಬರು ಕೊನೆಗೂ ಕೇಳಿದರಲ್ಲ ಅನ್ನಿಸ್ತು. ಕೆಳಗೆ ನೋಡಿದರೆ ನಿನ್ನ ಆಫೀಸಿನ ಹೆಸರು. ಆದರೆ ಕೇಳಿದ್ದು ನೀನಲ್ಲವಲ್ಲೋ, ನಿನ್ನ ಆಫೀಸು. ನೀನು ಭಾನುವಾರ ಫೋನ್ ಮಾಡ್ತೀಯ, “ಚೆನ್ನಾಗಿದೀಯಾ” ಅಂತೀಯ, ನಾನು ಬಾಯಿ ತೆಗೆಯೋದ್ರೊಳಗೆ “ಸರಿ ಹಾಗಾದ್ರೆ” ಅಂತೀಯ. ಎಡಗಡೆ ಕತ್ತಲು ಅಂದರೆ ಬಲ್ಬು ಹಾಕಿಸು ಅಂತ ಬರೀತೀಯಂತೆ. ಹೂಂ, ಹಾಕಿಸಿದಳು. ಹೊಸ ಬಲ್ಬು ಚೆನ್ನಾಗಿ ಉರೀತಿದೆ. ನಿನಗೂ ಒಂದು ಹಾಳೆ ಇದ್ದಿದ್ರೆ ನಿನಗೂ ಐದೇ ಹಾಕ್ತಿದ್ದೆ.

ಅವಳು ಬಂದು ಅಪ್ಪಿಕೊಂಡಳಲ್ಲ, ಐದು ಕೊಟ್ಯಲ್ಲಮ್ಮ ಅಂತ, ಅವತ್ತೇ ನಿಜ ಹೇಳಬೇಕಿತ್ತು. ಬಾಯಿಗೆ ಬಂತು. ಆದರೆ ಎಷ್ಟೋ ವರ್ಷದ ಮೇಲೆ ಮಗಳು ಅಪ್ಪಿಕೊಂಡಿದ್ದಾಳೆ. ಹೇಳಿದರೆ ಕೈ ಬಿಡ್ತಾಳೆ. ಹೇಳಲಿಲ್ಲ. ಅದಕ್ಕೂ ನನಗೆ ಸಿಟ್ಟು, ನನ್ನ ಮೇಲೇ.

ನನ್ನ ಹಾಳೆ ತಿರುಗಿಸ್ತೀಯೋ, ಬಿಡ್ತೀಯೋ, ಹರಿದು ಹಾಕ್ತೀಯೋ, ನಿಮಗೆ ಬಿಟ್ಟಿದ್ದು. ನಾನು ಹಾಕಿದ ನಂಬರನ್ನ ನಾನು ಅಳಿಸಲ್ಲ.

ಅಮ್ಮ


ಮೇ 30

ಪುಟ್ಟ,

ಅಮ್ಮ ನಿನಗೆ ಬರೆದ ಕಾಗದವನ್ನು ನೀನು ನನಗೆ ಕಳಿಸಿದ್ದು ಒಳ್ಳೆಯದಾಯಿತು. ಓದಿದ್ದು ಕ್ಲಿನಿಕ್ಕಿನಲ್ಲಿ. ಓದಿ, ಕಾಯುತ್ತಿದ್ದವರನ್ನು ಹಾಗೇ ಬಿಟ್ಟು ಮನೆಗೆ ಓಡಿದೆ. ಚಪ್ಪಲಿ ಹಾಕಿಕೊಂಡಿರಲಿಲ್ಲ ಅಂತ ಬೀದಿಯವರು ಆಮೇಲೆ ಹೇಳಿದರು.

ಬೆರಳು ಎಷ್ಟು ಅಂತ ಕೇಳಿದೆ. ಎಡಗಣ್ಣಿಗೆ ಬೆರಳಿರಲಿ, ಕೈಯೇ ಕಾಣುವುದಿಲ್ಲ. ಅವತ್ತೇ ದೊಡ್ಡಾಸ್ಪತ್ರೆಗೆ ಕರೆದುಕೊಂಡು ಹೋದೆ. ಕಣ್ಣಿನ ಹಿಂದಿನ ಪದರ ಪೂರ್ತಿ ಕಳಚಿಕೊಂಡಿದೆಯಂತೆ. ಆ ಡಾಕ್ಟರು ನನ್ನ ಮುಖವನ್ನೇ ನೋಡಿ “ನವೆಂಬರಿನಲ್ಲೇ ಯಾರಿಗೂ ತೋರಿಸಲಿಲ್ಲವೇ?” ಅಂದರು. ಯಾರಿಗೂ ಅಂತೆ! ಅಮ್ಮ ಪಕ್ಕದಲ್ಲೇ ಕೂತಿದ್ದಳು. ಏನಾದರೂ ಹೇಳುತ್ತಾಳೆ ಅಂತ ಕಾದೆ. ಹೇಳಲಿಲ್ಲ. “ತೋರಿಸಿದರು, ನನಗೇ ತೋರಿಸಿದರು” ಅಂತ ನಾನೇ ಹೇಳಬೇಕಾಯಿತು.

ಎಡಗಣ್ಣು ಹೋಯಿತು. ಬಲಗಣ್ಣಿನಲ್ಲೂ ಒಂದು ಕಡೆ ಪದರ ತೆಳ್ಳಗಾಗಿತ್ತು. ಅದಕ್ಕೆ ಲೇಸರ್ ಹಾಕಿ ಹಿಡಿದು ನಿಲ್ಲಿಸಿದ್ದಾರೆ. ಇನ್ನೂ ಕೆಲವು ತಿಂಗಳು ನಾವು ಹೀಗೇ ಇದ್ದಿದ್ದರೆ ಅದೂ ಉಳಿಯುತ್ತಿರಲಿಲ್ಲ.

ನನಗೆ ನನ್ನ ಮೇಲೆ ಎಷ್ಟು ಸಿಟ್ಟಿದೆ ಅಂತ ಬರೆಯಲು ಹೋಗುವುದಿಲ್ಲ. ನಿನ್ನ ಮೇಲೂ ಇದೆ, ಅದು ಹಾಗೇ ಇರಲಿ. ಬಲ್ಬಂತೆ ಬಲ್ಬು!

ಲೆಕ್ಕದ ವಿಷಯ. ಅಮ್ಮನ ಹಾಳೆಯನ್ನು ಐದಾಗಿಯೇ ಬಿಡುತ್ತೇನೆ ಅಂದೆಯಲ್ಲ, ಬೇಡ. ಅದನ್ನೂ ತಿರುಗಿಸು. ಎಲ್ಲರ ಜೊತೆ ಸಾಲಿನಲ್ಲಿ ಇಟ್ಟು ಕೂಡಿಸು. ಈ ಬೀದಿ ನನಗೆ ಒಂದನೇ ನಂಬರು ಕೊಟ್ಟಿದ್ದು ನಿಜವಾದರೆ ಅವಳು ಐದನೆಯದು ಕೊಟ್ಟಿದ್ದೂ ನಿಜ.

ಈಗ ಪ್ರತಿ ಸೋಮವಾರ ಅಮ್ಮ ಕ್ಲಿನಿಕ್ಕಿಗೆ ಬರುತ್ತಾಳೆ. ಟೋಕನ್ ತೆಗೆದುಕೊಳ್ಳುತ್ತಾಳೆ, ಸಾಲಿನಲ್ಲಿ ಕೂರುತ್ತಾಳೆ. ಗಟ್ಟಿಗಿತ್ತಿ ತನ್ನ ಸರದಿ ಬಿಟ್ಟುಕೊಡಲು ಹೋದರೆ ಅವಳಿಗೇ ಬೈಯುತ್ತಾಳೆ. ಮೊನ್ನೆ ಅಮ್ಮ ಒಳಗೆ ಬಂದಾಗ ನಾನು ಬಾಗಿಲು ಹಾಕಿ, ನಿನ್ನ ಪ್ರಶ್ನೆಗಳನ್ನು ಎದುರಿಗಿಟ್ಟುಕೊಂಡು, ಅವಳು ಹೇಳಿದ್ದನ್ನೆಲ್ಲ ಕೊನೆಯವರೆಗೆ ಕೇಳಿದೆ. ಕಣ್ಣಿನ ಮಾತು ಮುಗಿದ ಮೇಲೆ ಮೊಣಕಾಲಿಗೆ ಹೋದಳು, ಮೊಣಕಾಲಿನಿಂದ ನಿದ್ದೆಗೆ, ನಿದ್ದೆಯಿಂದ ಅಪ್ಪ ತೀರಿಹೋದ ವರ್ಷಕ್ಕೆ. ಹೊರಗೆ ಬೆಂಚಿನವರು ಕೆಮ್ಮುತ್ತಿದ್ದರು, ಕೆಮ್ಮಲಿ ಅಂತ ಬಿಟ್ಟೆ.

ಕಣ್ಣಿಗೆ ಹನಿ ಹಾಕಿ ಮುಗಿಸಿ, “ಈಗ ಎಷ್ಟನೇ ನಂಬರಮ್ಮ?” ಅಂತ ಕೇಳಿದೆ. ಕೇಳಬಾರದಿತ್ತೇನೋ. ಬಾಯಿಂದ ಬಂದುಬಿಟ್ಟಿತು.

ಅವಳು ನನ್ನ ಗಲ್ಲ ಹಿಡಿದು, ಮುಖವನ್ನು ಕಿಟಕಿಯ ಕಡೆ ತಿರುಗಿಸಿ, ಆ ಒಂದೇ ಕಣ್ಣಿನಲ್ಲಿ ಬಹಳ ಹೊತ್ತು ನೋಡಿದಳು. ಬೆರಳಿನಿಂದ ಕೆನ್ನೆಗೆ ಒಂದು ಸಲ ತಟ್ಟಿದಳು. ಮೆಲ್ಲಗೇನೂ ಅಲ್ಲ, ನೋಯಿತು.

“ನಾಲ್ಕು” ಅಂದಳು. ಟೋಕನ್ ಮೇಜಿನ ಮೇಲಿಟ್ಟು, ಗೋಡೆ ಸವರಿಕೊಂಡು ಹೊರಗೆ ಹೋದಳು.

ಬೆಳಗಿನ ಬೆಳಕಿಗೆಂದು ಬದಿಗಿಟ್ಟಿರುವ,
ಅಕ್ಕ